ಎಸ್ಸೆಸ್ಸೆಲ್ಸಿಯ ಜಾಣೆ ಪಿಯುಸಿಯಲ್ಲಿ ದಡ್ಡಿಯಾಗುವುದು ಹೇಗೆ?

ತಾಲ್ಲೂಕು ಊರಿನ ಪಿಯು ಕಾಲೇಜು, ಜೂನ್ ತಿಂಗಳು, ಮೊದಲ ವರ್ಷದ ಸೈನ್ಸ್ ತರಗತಿ. ಮೂರನೇ ಬೆಂಚಿನಲ್ಲಿ ಕೂತ ಹುಡುಗಿ ಸರ್ಕಾರಿ ಪ್ರೌಢಶಾಲೆಯಿಂದ ಬಂದವಳು. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು, ಊರಿನವರು ಶಾಲು ಹೊದಿಸಿ ಸನ್ಮಾನ ಮಾಡಿ ಕಳಿಸಿದ್ದಾರೆ. ಲೆಕ್ಚರರ್ ಬೋರ್ಡಿನ ಮೇಲೆ ಒಂದು ಸಾಲು ಬರೆಯುತ್ತಾರೆ: ಮೊಮೆಂಟಮ್ ಈಸ್ ದ ಪ್ರಾಡಕ್ಟ್ ಆಫ್ ಮಾಸ್ ಅಂಡ್ ವೆಲಾಸಿಟಿ. ಈ ಹುಡುಗಿಗೆ ಇದು ಗೊತ್ತಿರುವ ಪಾಠ. ರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ ಎಂದು ಒಂಬತ್ತನೇ ತರಗತಿಯಲ್ಲೇ ಕಲಿತು ಲೆಕ್ಕ ಬಿಡಿಸಿದ್ದಾಳೆ. ಆದರೆ ಬೋರ್ಡಿನ ಮೇಲಿರುವುದು ತನಗೆ ಗೊತ್ತಿರುವುದೇ ಎಂಬುದು ಮಾತ್ರ ಅವಳಿಗೆ ಗೊತ್ತಾಗುವುದಿಲ್ಲ. ಇಂಥ ಮೂವತ್ತು ದಿನ ಕಳೆದರೆ ಅವಳು ಒಂದು ತೀರ್ಮಾನಕ್ಕೆ ಬಂದಿರುತ್ತಾಳೆ: ‘ಸೈನ್ಸು ನನ್ನ ತಲೆಗೆ ಹತ್ತಲ್ಲ.’

‘ನನಗೆ ಈ ಇಂಗ್ಲಿಷು ಇನ್ನೂ ಸಾಲದು’ ಎಂದು ಅವಳು ಅಂದುಕೊಳ್ಳುವುದಿಲ್ಲ. ತಲೆಗೆ ಹತ್ತಲ್ಲ ಎಂದೇ ಅಂದುಕೊಳ್ಳುತ್ತಾಳೆ. ಭಾಷೆಯ ತೊಡಕನ್ನು ಬುದ್ಧಿಯ ಕೊರತೆ ಎಂದು ಓದಿಕೊಳ್ಳುವ ಈ ತಪ್ಪು ಲೆಕ್ಕವೇ ಈ ಲೇಖನದ ವಿಷಯ. ಕರ್ನಾಟಕದಲ್ಲಿ ಶಿಕ್ಷಣ ಮಾಧ್ಯಮದ ಬಗ್ಗೆ ನಾಲ್ಕು ದಶಕಗಳಿಂದ ಚಳವಳಿ, ವರದಿ, ಆದೇಶ, ತೀರ್ಪು ಎಲ್ಲವೂ ಆಗಿವೆ. ಅವೆಲ್ಲ ನಾಡು-ನುಡಿಯ ಉಳಿವು, ಪೋಷಕರ ಹಕ್ಕು, ಸರ್ಕಾರದ ಅಧಿಕಾರ ಇವುಗಳ ಸುತ್ತಲೇ ಸುತ್ತಿದವು. ಮೂರನೇ ಬೆಂಚಿನವಳು ತನ್ನ ಬಗ್ಗೆ ತಾನು ಏನೆಂದುಕೊಂಡಳು ಎಂಬ ಪ್ರಶ್ನೆ ಅಲ್ಲಿ ಬಂದದ್ದು ಕಡಿಮೆ.

ಫೋಟೊ ಆರಿಸಿದ ಮಕ್ಕಳು

ಆತ್ಮಗೌರವ ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುವುದರೊಳಗೆ ಹಲವು ಸಂಗತಿಗಳಿವೆ. ‘ನಾನು ಒಳ್ಳೆಯವಳು, ನಾಲ್ಕು ಜನಕ್ಕೆ ಬೇಕಾದವಳು’ ಎಂಬ ಭಾವನೆ ಒಂದು. ‘ನನಗೆ ಗಣಿತ ಬರುತ್ತದೆ, ಚರಿತ್ರೆ ಬರುವುದಿಲ್ಲ’ ಎಂಬ, ಓದಿಗೆ ಸಂಬಂಧಪಟ್ಟ ಅಂದಾಜು ಇನ್ನೊಂದು. ‘ನಮ್ಮ ಜನ, ನಮ್ಮ ಮಾತು, ನಮ್ಮ ಊರು ಲೆಕ್ಕಕ್ಕೆ ಬರುವಂಥದ್ದು’ ಎಂಬ, ತಾನು ಸೇರಿದ ಗುಂಪಿನ ಬಗೆಗಿನ ಹೆಮ್ಮೆ ಮತ್ತೂ ಒಂದು. ಶಾಲೆಯ ಭಾಷೆ ಈ ಮೂರನ್ನೂ ಮುಟ್ಟುತ್ತದೆ, ಆದರೆ ಒಂದೇ ದಿಕ್ಕಿಗೆ ಒಯ್ಯುವುದಿಲ್ಲ. ಮಾಧ್ಯಮದ ಚರ್ಚೆ ಕಗ್ಗಂಟಾಗುವುದು ಇಲ್ಲಿಯೇ.

ಮೊದಲನೆಯದಕ್ಕೆ ಒಳ್ಳೆಯ ಸಾಕ್ಷಿ ಬಹಳ ದೂರದಿಂದ ಸಿಗುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಉತ್ತರ ತುದಿಯಲ್ಲಿ ನುನಾವಿಕ್ ಎಂಬ ಹಿಮಪ್ರದೇಶವಿದೆ. ಅಲ್ಲಿನ ಮೂಲನಿವಾಸಿಗಳು ಇನುಯಿಟ್ ಜನ, ಮನೆಮಾತು ಇನುಕ್ಟಿಟುಟ್. ಅಲ್ಲಿ ಕೆಲವು ಮಕ್ಕಳು ಮೊದಲ ವರ್ಷಗಳನ್ನು ಮನೆಮಾತಿನಲ್ಲೇ ಕಲಿಯುತ್ತಿದ್ದರು, ಕೆಲವರು ನೇರವಾಗಿ ಇಂಗ್ಲಿಷ್ ಅಥವಾ ಫ್ರೆಂಚ್ ತರಗತಿಗೆ ಸೇರುತ್ತಿದ್ದರು. ಸ್ಟೀಫನ್ ರೈಟ್ ಮತ್ತು ಡೊನಾಲ್ಡ್ ಟೇಲರ್ ಎಂಬ ಮನಶ್ಶಾಸ್ತ್ರಜ್ಞರು ಈ ಪುಟ್ಟ ಮಕ್ಕಳನ್ನು ಶಾಲೆಯ ಮೊದಲ ವರ್ಷದ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಪರೀಕ್ಷಿಸಿದರು. ಐದಾರು ವರ್ಷದ ಮಗುವಿನ ಕೈಗೆ ಪ್ರಶ್ನಾವಳಿ ಕೊಡಲಾಗುವುದಿಲ್ಲವಲ್ಲ. ಹಾಗಾಗಿ ಆ ಮಗುವಿನದೇ ಫೋಟೊವನ್ನು ಬೇರೆ ಮಕ್ಕಳ ಫೋಟೊಗಳ ಜೊತೆ ಹರಡಿ, ಇವರಲ್ಲಿ ಜಾಣರು ಯಾರು, ಒಳ್ಳೆಯವರು ಯಾರು, ತೋರಿಸು ಎಂದು ಕೇಳಿದರು. ಮನೆಮಾತಿನಲ್ಲಿ ಕಲಿತ ಮಕ್ಕಳು ವರ್ಷದ ಕೊನೆಗೆ ತಮ್ಮ ಬಗ್ಗೆ ಮೊದಲಿಗಿಂತ ಒಳ್ಳೆಯ ಅಭಿಪ್ರಾಯ ಬೆಳೆಸಿಕೊಂಡಿದ್ದರು. ಇಂಗ್ಲಿಷ್, ಫ್ರೆಂಚ್ ತರಗತಿಗಳಲ್ಲಿ ಕೂತ ಅದೇ ಊರಿನ, ಅದೇ ಜನಾಂಗದ ಮಕ್ಕಳಲ್ಲಿ ಆ ಏರಿಕೆ ಕಾಣಲಿಲ್ಲ. ಇದು 1995ರಲ್ಲಿ ಪ್ರಕಟವಾಯಿತು.

ಒಂದೇ ವರ್ಷದಲ್ಲಿ ಇಷ್ಟು ವ್ಯತ್ಯಾಸ ಬಂದದ್ದಕ್ಕೆ ಕಾರಣ ಗೂಢವೇನಲ್ಲ. ಐದು ವರ್ಷದ ಮಗುವಿಗೆ ಶಾಲೆಯೆಂದರೆ ಮನೆಯ ಹೊರಗಿನ ಮೊದಲ ಪ್ರಪಂಚ. ಅಲ್ಲಿ ತಾನು ಆಡಿದ ಮಾತು ನಡೆದರೆ, ಕೇಳಿದ್ದಕ್ಕೆ ಉತ್ತರ ಬಂದರೆ, ತಮಾಷೆಗೆ ಮೇಷ್ಟ್ರು ನಕ್ಕರೆ, ಈ ಪ್ರಪಂಚದಲ್ಲಿ ನನಗೂ ಜಾಗವಿದೆ ಎಂದು ಮಗು ತಿಳಿಯುತ್ತದೆ. ಮಾತು ನಡೆಯದ ಕಡೆ ಮಗು ಸುಮ್ಮನಾಗುತ್ತದೆ. ಆ ಮೌನವನ್ನು ನಾವು ಶಿಸ್ತು ಎಂದು ಮೆಚ್ಚಿಕೊಳ್ಳುವುದೂ ಉಂಟು.

ಹಾಂಗ್‌ಕಾಂಗಿನ ತಿರುಗುಬಾಣ

ಇಷ್ಟೇ ಆಗಿದ್ದರೆ ವಿಷಯ ಸುಲಭವಾಗಿತ್ತು. ಎಲ್ಲರಿಗೂ ಮನೆಮಾತಿನ ಶಾಲೆ ಕೊಟ್ಟರೆ ಮುಗಿಯಿತು. ಹಾಗೆ ಮಾಡಲು ಹೊರಟ ಹಾಂಗ್‌ಕಾಂಗಿನಲ್ಲಿ ಏನಾಯಿತು ನೋಡಿ.

ಬ್ರಿಟಿಷರು ಬಿಟ್ಟುಹೋದ ಮರುವರ್ಷ, 1998ರಲ್ಲಿ, ಅಲ್ಲಿನ ಸರ್ಕಾರ ಪ್ರೌಢಶಾಲೆಗಳಲ್ಲಿ 114ಕ್ಕೆ ಮಾತ್ರ ಇಂಗ್ಲಿಷಿನಲ್ಲಿ ಪಾಠ ಮಾಡಲು ಅನುಮತಿ ಕೊಟ್ಟು, ಉಳಿದವು ಚೀನೀ ಭಾಷೆಯಲ್ಲೇ ಕಲಿಸಬೇಕು ಎಂದಿತು. ಶೈಕ್ಷಣಿಕವಾಗಿ ಈ ನಿರ್ಧಾರಕ್ಕೆ ಆಧಾರವಿತ್ತು. ಹರ್ಬರ್ಟ್ ಮಾರ್ಷ್ ಮತ್ತು ಸಂಗಡಿಗರು ಹನ್ನೆರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕೆಲವು ವರ್ಷ ಹಿಂಬಾಲಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರ ಇಂಗ್ಲಿಷ್ ಸುಧಾರಿಸಿತು. ಆದರೆ ಚರಿತ್ರೆ, ಭೂಗೋಳ, ವಿಜ್ಞಾನಗಳಲ್ಲಿ ಅವರು ಕಲಿಯಬಹುದಾಗಿದ್ದಕ್ಕಿಂತ ಬಹಳ ಕಡಿಮೆ ಕಲಿತರು. ಗಣಿತದಲ್ಲಿ ಪೆಟ್ಟು ಸಣ್ಣದು, ಅಂಕಿ-ಸಂಕೇತಗಳಿಗೆ ಭಾಷೆಯ ಹಂಗು ಕಡಿಮೆ.

ಹಾಗಿದ್ದರೆ ಚೀನೀ ಮಾಧ್ಯಮದ ಶಾಲೆಯ ಮಕ್ಕಳು ಬೀಗಬೇಕಿತ್ತು. ಆದದ್ದು ತದ್ವಿರುದ್ಧ. ಯಾವ ಮಕ್ಕಳಿಗೆ ಇಂಗ್ಲಿಷಿನಲ್ಲಿ ಕಲಿಯುವ ‘ಯೋಗ್ಯತೆ’ ಇದೆಯೋ ಅವರು ಆ 114 ಶಾಲೆಗಳಿಗೆ, ಉಳಿದವರು ಉಳಿದ ಕಡೆಗೆ ಎಂಬ ಅರ್ಥ ಆ ಪಟ್ಟಿಗೆ ಬಂದುಬಿಟ್ಟಿತು. ಅರ್ಥವಾಗುವ ಭಾಷೆಯಲ್ಲಿ ಪಾಠ ಕೇಳುತ್ತಿದ್ದ ಮಗುವಿನ ಸಮವಸ್ತ್ರವೇ ಎರಡನೇ ದರ್ಜೆಯ ಗುರುತಾಯಿತು. ಪೋಷಕರ ಅಸಮಾಧಾನ ತಣಿಯಲೇ ಇಲ್ಲ. ಕೊನೆಗೆ 2010ರಲ್ಲಿ ಸರ್ಕಾರ ಆ ಗಡುಸು ವಿಂಗಡಣೆಯನ್ನು ಸಡಿಲಿಸಿತು.

ನುನಾವಿಕ್ ಮತ್ತು ಹಾಂಗ್‌ಕಾಂಗ್ ಒಂದಕ್ಕೊಂದು ವಿರುದ್ಧವಲ್ಲ. ತರಗತಿಯ ಒಳಗೆ ಮನೆಮಾತು ಮಗುವನ್ನು ಎತ್ತುತ್ತದೆ. ತರಗತಿಯ ಹೊರಗೆ ಸಮಾಜ ಆ ಮಾತಿಗೆ ಕಟ್ಟಿದ ಬೆಲೆ ಅದೇ ಮಗುವನ್ನು ಕೆಳಗೆ ಎಳೆಯುತ್ತದೆ. ಮಗು ಚಿಕ್ಕದಿದ್ದಾಗ ಒಳಗಿನದು ಬಲವಾಗಿರುತ್ತದೆ. ಹದಿನೈದು-ಹದಿನಾರಕ್ಕೆ ಬಂದಾಗ, ತನ್ನನ್ನು ಯಾರ ಯಾರ ಜೊತೆ ಹೋಲಿಸುತ್ತಾರೆ ಎಂಬುದು ತಿಳಿಯುವ ವಯಸ್ಸಿನಲ್ಲಿ, ಹೊರಗಿನದು ಗೆಲ್ಲತೊಡಗುತ್ತದೆ. ನಮ್ಮಲ್ಲಿ ಪಿಯುಸಿ ಬರುವುದು ಸರಿಯಾಗಿ ಆ ವಯಸ್ಸಿಗೆ.

ಎರಡು ಪೆಟ್ಟು ಒಟ್ಟಿಗೆ

ಮೂರನೇ ಬೆಂಚಿಗೆ ಮರಳೋಣ. ಅವಳಿಗೆ ಬಿದ್ದದ್ದು ಒಂದೇ ಪೆಟ್ಟಲ್ಲ.

ಸಣ್ಣ ಶಾಲೆಯಲ್ಲಿ ಮೊದಲಿಗರಾಗಿದ್ದವರು ಜಾಣರೇ ತುಂಬಿರುವ ದೊಡ್ಡ ಕಡೆಗೆ ಹೋದಾಗ, ಅವರ ಕಲಿಕೆ ಕುಂದದಿದ್ದರೂ ತಮ್ಮ ಬಗೆಗಿನ ಅಂದಾಜು ಕುಸಿಯುತ್ತದೆ. ಸಣ್ಣ ಕೆರೆಯ ದೊಡ್ಡ ಮೀನು ಎಂಬ ಹೆಸರಿನಲ್ಲಿ ಇದನ್ನು ಎಂಬತ್ತರ ದಶಕದಲ್ಲೇ ವಿವರಿಸಿದವರು ಮೇಲೆ ಹೇಳಿದ ಅದೇ ಮಾರ್ಷ್. ಇದು ಇಂಗ್ಲಿಷ್ ಮೀಡಿಯಂನಿಂದ ಬಂದ ಮಕ್ಕಳಿಗೂ ಆಗುತ್ತದೆ. ಅವರು ಒಂದೆರಡು ಟೆಸ್ಟ್ ಕಳೆಯುವಷ್ಟರಲ್ಲಿ ಚೇತರಿಸಿಕೊಳ್ಳುತ್ತಾರೆ. ಕನ್ನಡ ಮೀಡಿಯಂನವರಿಗೆ ಅದೇ ವಾರ ಭಾಷೆಯೂ ಬದಲಾಗುತ್ತದೆ. ಎರಡು ಬದಲಾವಣೆ ಒಟ್ಟಿಗೆ ಬಂದಾಗ, ಅಂಕ ಇಳಿದದ್ದು ಯಾವುದರಿಂದ ಎಂದು ಬಿಡಿಸಿ ನೋಡುವ ದಾರಿ ಅವರಿಗಿಲ್ಲ. ಪಕ್ಕದ ಬೆಂಚಿನವನು ಸರಸರ ಬರೆದುಕೊಳ್ಳುತ್ತಿರುವುದು ಮಾತ್ರ ಕಾಣುತ್ತದೆ. ಅವನಿಗೂ ಅರ್ಧ ಅರ್ಥವಾಗಿಲ್ಲ ಎಂಬುದು ಕಾಣುವುದಿಲ್ಲ.

ಭಾಷೆಯ ಪೆಟ್ಟು ನಾವೆಣಿಸುವ ಜಾಗದಲ್ಲೂ ಇಲ್ಲ. ದ್ಯುತಿಸಂಶ್ಲೇಷಣೆ ಹೋಗಿ ಫೋಟೊಸಿಂಥೆಸಿಸ್ ಬಂತು, ವೇಗೋತ್ಕರ್ಷ ಹೋಗಿ ಅಕ್ಸಲರೇಶನ್ ಬಂತು ಎಂಬುದು ಕಣ್ಣಿಗೆ ಕಾಣುವ ತೊಂದರೆ. ಆ ಪಟ್ಟಿಯನ್ನು ಎರಡು ತಿಂಗಳಲ್ಲಿ ಬಾಯಿಪಾಠ ಮಾಡಬಹುದು, ಮಾಡುತ್ತಾರೆ ಕೂಡ. ಕಾಲೆಳೆಯುವುದು ‘ಹೆನ್ಸ್’, ‘ರೆಸ್ಪೆಕ್ಟಿವ್ಲಿ’, ‘ವಿತ್ ರೆಸ್ಪೆಕ್ಟ್ ಟು’, ‘ಅಸ್ಯೂಮಿಂಗ್ ದಟ್’, ‘ನೆಗ್ಲೆಕ್ಟಿಂಗ್ ಏರ್ ರೆಸಿಸ್ಟೆನ್ಸ್’ ಇಂಥವು. ಇವು ಹೈಸ್ಕೂಲಿನ ಇಂಗ್ಲಿಷ್ ಪುಸ್ತಕದ ಕತೆ-ಪದ್ಯಗಳಲ್ಲಿ ಬರುವುದು ಅಪರೂಪ. ಭೌತಶಾಸ್ತ್ರದ ಪದಪಟ್ಟಿಯಲ್ಲೂ ಇರುವುದಿಲ್ಲ, ಏಕೆಂದರೆ ಇವು ಭೌತಶಾಸ್ತ್ರದ ಪದಗಳಲ್ಲ. ಇಂಗ್ಲಿಷ್ ಮೇಡಮ್ಮೂ ಕಲಿಸಲಿಲ್ಲ, ಫಿಸಿಕ್ಸ್ ಸರ್ರೂ ಕಲಿಸುವುದಿಲ್ಲ. ಒಂದು ಹೇಳಿಕೆಯನ್ನು ಇನ್ನೊಂದಕ್ಕೆ ಕಟ್ಟುವ ಇಂಥ ಪದಗಳು ಕೈಕೊಟ್ಟರೆ, ಪ್ರತಿ ಪಾರಿಭಾಷಿಕ ಪದ ಗೊತ್ತಿದ್ದರೂ ಪ್ರಶ್ನೆ ಏನು ಕೇಳುತ್ತಿದೆ ಎಂಬುದೇ ತಿಳಿಯುವುದಿಲ್ಲ.

ಕೆನಡಾದಲ್ಲಿ ವಲಸೆ ಮಕ್ಕಳನ್ನು ಅಧ್ಯಯನ ಮಾಡಿದ ಜಿಮ್ ಕಮಿನ್ಸ್ 1979ರಲ್ಲೇ ಈ ಭೇದವನ್ನು ಎತ್ತಿ ತೋರಿಸಿದರು. ಆಟದ ಬಯಲಿನಲ್ಲಿ, ಅಂಗಡಿಯಲ್ಲಿ ಮಾತಾಡುವಷ್ಟು ಹೊಸ ಭಾಷೆ ಸುಮಾರು ಎರಡು ವರ್ಷಕ್ಕೆ ಬರುತ್ತದೆ. ಪಾಠ ಓದಿ, ವಾದ ಕಟ್ಟಿ, ಉತ್ತರ ಬರೆಯುವ ಭಾಷೆ ಬರಲು ಐದರಿಂದ ಏಳು ವರ್ಷ ಬೇಕಾಗುತ್ತದೆ, ಅದೂ ಸುತ್ತಮುತ್ತ ಇಂಗ್ಲಿಷೇ ತುಂಬಿರುವ ಊರಿನಲ್ಲಿ. ನಮ್ಮ ಹುಡುಗಿ ಇಂಗ್ಲಿಷನ್ನು ಒಂದು ವಿಷಯವಾಗಿ ಓದಿಕೊಂಡು ಬಂದಿರುವುದರಿಂದ ಸೊನ್ನೆಯಿಂದ ಶುರು ಮಾಡುವವಳಲ್ಲ, ನಿಜ. ಆದರೂ ಪಿಯುಸಿ ಇರುವುದು ಎರಡೇ ವರ್ಷ, ಅದರ ತುದಿಯಲ್ಲೇ ಸಿಇಟಿ, ನೀಟ್. ಹೊಸ ಭಾಷೆಯೊಂದು ಕೈಹತ್ತುವ ಮೊದಲೇ ಬದುಕಿನ ದೊಡ್ಡ ಪರೀಕ್ಷೆ ಮುಗಿದಿರುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಅರ್ಥವಾದದ್ದನ್ನು ಹೇಳಲು ಸ್ವಲ್ಪ ಭಾಷೆ ಸಾಕು, ಅರ್ಥವಾಗದ್ದು ಯಾವುದು ಎಂದು ಹೇಳಲು ಬಹಳ ಭಾಷೆ ಬೇಕು. ‘ಸರ್, ಎರಡನೇ ಸ್ಟೆಪ್ಪಿನಲ್ಲಿ ಆ ಮೈನಸ್ ಯಾಕೆ ಬಂತು, ದಿಕ್ಕು ಅದೇ ಇದೆಯಲ್ಲ’ ಎಂದು ಕನ್ನಡದಲ್ಲಿ ಥಟ್ಟನೆ ಕೇಳಬಲ್ಲವಳು ಇಂಗ್ಲಿಷಿನಲ್ಲಿ ಆ ವಾಕ್ಯ ಜೋಡಿಸುವಷ್ಟರಲ್ಲಿ ಬೋರ್ಡ್ ಒರೆಸಿರುತ್ತಾರೆ. ಕನ್ನಡದಲ್ಲಿ ಕೇಳಬಹುದಲ್ಲ ಎನ್ನಬಹುದು. ಕೇಳಿದರೆ ತಾನು ಕನ್ನಡ ಮೀಡಿಯಂ ಎಂದು ಇಡೀ ತರಗತಿಗೆ ಸಾರಿದಂತೆ. ಹಾಗಾಗಿ ಕೇಳುವುದಿಲ್ಲ. ಕೇಳದವಳಿಗೆ ಅರ್ಥವಾಗಿದೆ ಎಂದು ಲೆಕ್ಚರರ್ ತಿಳಿಯುತ್ತಾರೆ, ಇಲ್ಲವೇ ಇವಳಿಗೆ ಆಸಕ್ತಿಯಿಲ್ಲ ಎಂದುಕೊಳ್ಳುತ್ತಾರೆ. ಎರಡೂ ತಪ್ಪು.

ಕನಸು ಸಣ್ಣದಾಗುವ ಬಗೆ

ಮಹತ್ವಾಕಾಂಕ್ಷೆ ಎಂಬುದು ಹುಟ್ಟುಗುಣ ಎಂದು ನಮ್ಮಲ್ಲಿ ಅನೇಕರ ನಂಬಿಕೆ. ಛಲ ಇರುವವರು ಹೇಗಾದರೂ ಮೇಲೆ ಬರುತ್ತಾರೆ ಎಂದು ಸಮಾಧಾನ ಹೇಳಿಬಿಡುತ್ತೇವೆ. ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ 2004ರ ಒಂದು ಪ್ರಬಂಧದಲ್ಲಿ ಇದನ್ನು ಬೇರೆಯಾಗಿ ನೋಡಿದರು. ಆಸೆಪಡುವುದೂ ಒಂದು ಸಾಮರ್ಥ್ಯ, ಅಭ್ಯಾಸವಾದಷ್ಟೂ ಬೆಳೆಯುವಂಥದ್ದು. ಉಳ್ಳವರ ಮಕ್ಕಳಿಗೆ ಈ ಅಭ್ಯಾಸಕ್ಕೆ ಅವಕಾಶ ಹೆಚ್ಚು, ಇಲ್ಲದವರ ಮಕ್ಕಳಿಗೆ ಕಡಿಮೆ ಎಂಬುದು ಅವರ ವಾದ. ಅರ್ಥಶಾಸ್ತ್ರಜ್ಞ ದೇಬ್‌ರಾಜ್ ರೇ ಇದಕ್ಕೆ ಇನ್ನೊಂದನ್ನು ಸೇರಿಸಿದರು: ನಾವು ಏನನ್ನು ಬಯಸುತ್ತೇವೆ ಎಂಬುದು ನಮ್ಮಂಥವರು ಎಂದು ನಾವು ಗುರುತಿಸುವ ಜನರ ಬದುಕನ್ನು ನೋಡಿ ತೀರ್ಮಾನವಾಗುತ್ತದೆ.

ಕನ್ನಡ ಮೀಡಿಯಂ ಹುಡುಗನ ಕಣ್ಣಿಗೆ ‘ನನ್ನಂಥವರು’ ಯಾರು? ಊರಿನ ಶಾಲೆಯ ಮೇಷ್ಟ್ರು, ಪೊಲೀಸ್ ಕಾನ್‌ಸ್ಟೇಬಲ್ ಆದ ಅಣ್ಣ, ತಾಲ್ಲೂಕು ಕಚೇರಿಯಲ್ಲಿ ಎಸ್‌ಡಿಎ ಆದ ಅಕ್ಕ. ಈ ಕೆಲಸಗಳಲ್ಲಿ ಹೀನಾಯವಾದದ್ದು ಏನೂ ಇಲ್ಲ. ಧಾರವಾಡದ, ವಿಜಯಪುರದ ಕೋಚಿಂಗ್ ಸೆಂಟರುಗಳಲ್ಲಿ, ಬೆಂಗಳೂರಿನ ವಿಜಯನಗರದ ಪಿಜಿಗಳಲ್ಲಿ ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಎಂದು ವರ್ಷಗಟ್ಟಲೆ ಕೂತು ಓದುವ ಸಾವಿರಾರು ಹುಡುಗ-ಹುಡುಗಿಯರಿಗೆ ಆಕಾಂಕ್ಷೆ ಇಲ್ಲ ಎಂದು ಯಾರು ಹೇಳಿಯಾರು? ಅವರ ಆಕಾಂಕ್ಷೆ ಕನ್ನಡ ನಡೆಯುವ ದಾರಿಗಳಲ್ಲೇ ಹರಿಯುತ್ತದೆ, ಅಷ್ಟೇ. ಶಾಲೆಯ ಭಾಷೆ ಕನಸನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಕನಸಿನ ನಕ್ಷೆ ಬರೆಯುತ್ತದೆ. ಆ ನಕ್ಷೆಯಲ್ಲಿ ಸಂಶೋಧನೆ, ವೈದ್ಯಕೀಯ, ಕಾನೂನು, ವಿನ್ಯಾಸ ಇವೆಲ್ಲ ಅಂಚಿನಾಚೆ ಉಳಿಯುತ್ತವೆ.

ನಕ್ಷೆ ಸಂಕುಚಿತವಾಗುವುದು ಯಾರೂ ಬಾಗಿಲು ಮುಚ್ಚಿದ್ದರಿಂದಲ್ಲ, ಹುಡುಗರೇ ಬಾಗಿಲ ಹತ್ತಿರ ಹೋಗದಿರುವುದರಿಂದ. ಹತ್ತನೇ ತರಗತಿಯಾದ ಮೇಲೆ ‘ಸೈನ್ಸ್ ಬೇಡ, ಎಲ್ಲಾ ಇಂಗ್ಲಿಷಿನಲ್ಲಿ ಇರತ್ತಂತೆ’ ಎಂದು ಆರ್ಟ್ಸಿಗೆ ಸೇರುವುದು, ಪ್ರವೇಶ ಪರೀಕ್ಷೆಯ ಅರ್ಜಿಯನ್ನೇ ಹಾಕದಿರುವುದು, ಕ್ಯಾಂಪಸ್ ಸಂದರ್ಶನದ ದಿನ ಹೊಟ್ಟೆನೋವು ಬರುವುದು. ಇವು ಯಾವ ಅಂಕಿಅಂಶದಲ್ಲೂ ಸೋಲು ಎಂದು ದಾಖಲಾಗುವುದಿಲ್ಲ, ಆಯ್ಕೆ ಎಂದು ದಾಖಲಾಗುತ್ತವೆ.

ಸರ್ಕಾರಗಳು ಬಾಗಿಲುಗಳನ್ನೇನೋ ತೆರೆದಿವೆ. ವೃತ್ತಿ ಶಿಕ್ಷಣದ ಸೀಟುಗಳಲ್ಲಿ ಒಂದರಿಂದ ಹತ್ತರವರೆಗೆ ಕನ್ನಡದಲ್ಲೇ ಓದಿದವರಿಗೆ 5% ಮೀಸಲಿದೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಅವಕಾಶ 1979ರಿಂದಲೂ ಉಂಟು. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ ಸಿಗುತ್ತದೆ. 2021ರಲ್ಲಿ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ಎಂಜಿನಿಯರಿಂಗನ್ನು ಕನ್ನಡವೂ ಸೇರಿದಂತೆ ಎಂಟು ಭಾರತೀಯ ಭಾಷೆಗಳಲ್ಲಿ ಕಲಿಸಲು ಒಪ್ಪಿಗೆ ಕೊಟ್ಟಿತು. ಕಾಲೇಜು ಪಾಠ ಕನ್ನಡದಲ್ಲಿ ನಡೆಯಬೇಕೆಂಬ ಪ್ರಯತ್ನವಂತೂ ಕುವೆಂಪು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಐವತ್ತರ ದಶಕದ ಕೊನೆಯಷ್ಟು ಹಳೆಯದು.

ಆದರೂ ಈ ಬಾಗಿಲುಗಳ ಮುಂದೆ ನೂಕುನುಗ್ಗಲಿಲ್ಲ. ನೀಟ್ ಕನ್ನಡದಲ್ಲಿದ್ದು, ಅದಕ್ಕೆ ಮುಂಚಿನ ಎರಡು ವರ್ಷದ ಪಾಠ, ಪುಸ್ತಕ, ಕೋಚಿಂಗ್ ಎಲ್ಲ ಇಂಗ್ಲಿಷಿನಲ್ಲಿದ್ದರೆ, ಆ ಹೊತ್ತಿಗೆ ಕನ್ನಡ ಪತ್ರಿಕೆ ಆರಿಸುವವರು ಯಾರು? ಯುಪಿಎಸ್‌ಸಿ ಮುಖ್ಯ ಪರೀಕ್ಷೆ ಕನ್ನಡದಲ್ಲಿ ಬರೆಯಬಹುದು, ಅದಕ್ಕೆ ಮೊದಲು ಪಾಸಾಗಬೇಕಾದ ಪ್ರಿಲಿಮ್ಸ್ ಪತ್ರಿಕೆ ಬರುವುದು ಇಂಗ್ಲಿಷ್-ಹಿಂದಿಗಳಲ್ಲಿ ಮಾತ್ರ. ಕನ್ನಡದ ಎಂಜಿನಿಯರಿಂಗ್ ಎಂದಾಗ ಹುಡುಗರು ಹಿಂದೆ ಸರಿಯುವುದು ಕನ್ನಡದ ಮೇಲಿನ ಅಸಡ್ಡೆಯಿಂದಲ್ಲ, ನಾಲ್ಕು ವರ್ಷ ಕಳೆದ ಮೇಲೆ ಕಂಪನಿಯವರು ಯಾವ ಭಾಷೆಯಲ್ಲಿ ಪ್ರಶ್ನೆ ಕೇಳುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿರುವುದರಿಂದ.

ಟೈ, ಬೂಟು ಮತ್ತು ಬಾಯಿಪಾಠ

ಹಾಗಾದರೆ ಎಲ್ಲರನ್ನೂ ಒಂದನೇ ತರಗತಿಯಿಂದಲೇ ಇಂಗ್ಲಿಷಿಗೆ ಹಾಕಿದರಾಯಿತು ಎಂಬುದು ಈಗ ನಾಡಿನ ಹೆಚ್ಚುಕಡಿಮೆ ಒಪ್ಪಿತ ಪರಿಹಾರ. ಒಂದರಿಂದ ನಾಲ್ಕರವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂದಿದ್ದ 1994ರ ಸರ್ಕಾರಿ ಆದೇಶ ಎರಡು ದಶಕ ಕೋರ್ಟು ಸುತ್ತಿ, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದಲ್ಲಿ ಬಿದ್ದುಹೋಯಿತು. ಮಾಧ್ಯಮವನ್ನು ಆರಿಸುವುದು ಮಗುವಿನ ಪರವಾಗಿ ಪೋಷಕರಿಗೆ ಬಿಟ್ಟದ್ದು, ಸರ್ಕಾರ ಹೇರುವಂತಿಲ್ಲ ಎಂದಿತು ನ್ಯಾಯಾಲಯ. 2019ರಲ್ಲಿ ರಾಜ್ಯ ಸರ್ಕಾರ ತಾನೇ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಲು ಹೊರಟಿತು.

ಇಂಗ್ಲಿಷ್ ಬಯಸುವ ತಂದೆ-ತಾಯಿಯನ್ನು ಮೋಹಕ್ಕೆ ಬಿದ್ದವರು ಎಂದು ಜರೆಯುವುದು ನನಗೆ ಸರಿಕಾಣುವುದಿಲ್ಲ. ಜರೆಯುವವರ ಮನೆಯ ಮಕ್ಕಳು ಎಲ್ಲಿ ಓದುತ್ತಿದ್ದಾರೆ ಎಂದು ಆ ತಂದೆ-ತಾಯಿಗೂ ಗೊತ್ತು. 2005ರ ರಾಷ್ಟ್ರಮಟ್ಟದ ಸಮೀಕ್ಷೆಯೊಂದರ ಅಂಕಿಗಳನ್ನು ಬಳಸಿ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ, ಇಂಗ್ಲಿಷ್ ಸರಾಗವಾಗಿ ಬರುವ ಪುರುಷರ ಗಂಟೆಯ ಸಂಪಾದನೆ, ಅಷ್ಟೇ ಓದಿ ಇಂಗ್ಲಿಷ್ ಬಾರದವರಿಗಿಂತ ಸುಮಾರು 34% ಹೆಚ್ಚಿತ್ತು. ದಲಿತ ಚಿಂತಕ ಚಂದ್ರಭಾನ್ ಪ್ರಸಾದ್ ಉತ್ತರ ಪ್ರದೇಶದ ಬಂಕಾ ಎಂಬ ಹಳ್ಳಿಯಲ್ಲಿ 2010ರಲ್ಲಿ ಇಂಗ್ಲಿಷ್ ದೇವಿಗೆ ಗುಡಿ ಕಟ್ಟಿಸಲು ಮುಂದಾದರು. ಅದನ್ನು ತಮಾಷೆಯ ಸುದ್ದಿಯಾಗಿ ಓದಿದವರು ಅದರ ಹಿಂದಿನ ಸಿಟ್ಟನ್ನು ಗಮನಿಸಲಿಲ್ಲ. ಊರಿನ ಭಾಷೆಯಲ್ಲಿ ಊರಿನ ಜಾತಿಯ ಮೆಟ್ಟಿಲುಗಳೂ ಇರುತ್ತವೆ, ಇಂಗ್ಲಿಷಿನಲ್ಲಾದರೂ ಅವು ಇಲ್ಲದಿರಲಿ ಎಂಬ ಆಸೆಗೆ ಅರ್ಥವಿದೆ.

ತೊಂದರೆ ಇರುವುದು ಒಂದು ಕಡೆ. ಆ 34% ಇಂಗ್ಲಿಷ್ ಬಂದವರಿಗೆ ಸಿಕ್ಕದ್ದು, ಇಂಗ್ಲಿಷ್ ಮೀಡಿಯಂನಲ್ಲಿ ಕೂತವರಿಗಲ್ಲ. ಎರಡೂ ಒಂದೇ ಎಂದು ನಂಬಿಸಿಯೇ ನಮ್ಮ ಹೋಬಳಿ ಊರುಗಳ ‘ಕಾನ್ವೆಂಟು’ಗಳು ನಡೆಯುತ್ತವೆ. ಸಂತರ ಹೆಸರಿದ್ದರೂ ಯಾವ ಚರ್ಚಿಗೂ ಸೇರದ, ಹಳದಿ ವ್ಯಾನಿನ ಆ ಶಾಲೆಗಳಲ್ಲಿ ಟೀಚರ್ ಕೂಡ ಸಾಮಾನ್ಯವಾಗಿ ಕನ್ನಡ ಮೀಡಿಯಂನಲ್ಲೇ ಓದಿದವರು, ಸಂಬಳ ಕಡಿಮೆ, ತರಬೇತಿ ಇಲ್ಲ. ಪಾಠವೆಂದರೆ ಪ್ರಶ್ನೋತ್ತರವನ್ನು ಬೋರ್ಡಿಗೆ ಬರೆಯುವುದು, ಮಕ್ಕಳು ಡೈರಿಯಲ್ಲಿ ಇಳಿಸಿಕೊಂಡು ಉರು ಹೊಡೆಯುವುದು. ಮಗು ಇಂಗ್ಲಿಷಿನಲ್ಲಿ ಬರೆಯುವುದನ್ನು ಶಾಲೆಯಲ್ಲಿ ಕಲಿಯುತ್ತದೆ, ಅದರ ಅರ್ಥವನ್ನು ಸಂಜೆ ಟ್ಯೂಷನ್ನಿನಲ್ಲಿ ಕನ್ನಡದಲ್ಲಿ ಕಲಿಯುತ್ತದೆ, ಟ್ಯೂಷನ್ ಇಲ್ಲದಿದ್ದರೆ ಕಲಿಯುವುದೇ ಇಲ್ಲ. ದೇಶದ ಗ್ರಾಮೀಣ ಭಾಗದಲ್ಲಿ ಐದನೇ ತರಗತಿಯ ಮಕ್ಕಳಲ್ಲಿ ಸರಳ ಇಂಗ್ಲಿಷ್ ವಾಕ್ಯ ಓದಬಲ್ಲವರು ಸುಮಾರು ನಾಲ್ಕರಲ್ಲಿ ಒಬ್ಬರು ಎನ್ನುತ್ತವೆ ಹಳ್ಳಿಯ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ ವರದಿಗಳು. ಆಂಧ್ರಪ್ರದೇಶದಲ್ಲಿ ಬಡ ಮಕ್ಕಳಿಗೆ ಖಾಸಗಿ ಶಾಲೆಯ ಫೀಸು ಭರಿಸುವ ವೋಚರ್ ಕೊಟ್ಟು ನಡೆಸಿದ ದೊಡ್ಡ ಪ್ರಯೋಗವನ್ನು ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ 2015ರಲ್ಲಿ ಪ್ರಕಟಿಸಿದರು. ತೆಲುಗಿನಿಂದ ಇಂಗ್ಲಿಷ್ ಮಾಧ್ಯಮಕ್ಕೆ ಹಾರಿದ ಮಕ್ಕಳ ಕಲಿಕೆಗೆ ಆ ಹಾರುವಿಕೆಯೇ ಅಡ್ಡಿಯಾಗಿರಬಹುದು ಎಂಬ ಸೂಚನೆ ಅದರಲ್ಲೂ ಇದೆ.

ಈ ಮಗುವಿನ ಆತ್ಮಗೌರವ ಹೇಗಿರುತ್ತದೆ? ಮೊದಮೊದಲು ಚೆನ್ನಾಗಿಯೇ ಇರುತ್ತದೆ. ಟೈ ಇದೆ, ಬೂಟಿದೆ, ಅಜ್ಜಿಯ ಮುಂದೆ ರೈಮ್ಸ್ ಹೇಳಿದರೆ ಅಜ್ಜಿಯ ಕಣ್ಣರಳುತ್ತದೆ. ಆದರೆ ಇದು ಸಮವಸ್ತ್ರ ಕೊಟ್ಟ ಗೌರವ, ತನಗೆ ವಿಷಯ ತಿಳಿದಿದೆ ಎಂಬ ಧೈರ್ಯದಿಂದ ಬಂದದ್ದಲ್ಲ. ಪೋಷಕರ ಸಭೆಗೆ ಅಮ್ಮ ಬಂದಾಗ ಟೀಚರು ಇಂಗ್ಲಿಷಿನಲ್ಲಿ ಏನೋ ಹೇಳಿ ಅಮ್ಮ ಸುಮ್ಮನೆ ತಲೆಯಾಡಿಸಿದ ದಿನ, ಅಮ್ಮ ಬಾರದಿದ್ದರೇ ಒಳ್ಳೆಯದಿತ್ತು ಎಂದು ಮಗುವಿಗೆ ಅನ್ನಿಸುತ್ತದೆ. ಮುಂದೆ ಬಾಯಿಪಾಠ ನಡೆಯದ ತರಗತಿಗೆ ಬಂದಾಗ ಇವನೂ ಎಡವುತ್ತಾನೆ. ಕನ್ನಡ ಮೀಡಿಯಂನವಳಿಗೆ ‘ನಾನು ಬೇರೆ ಭಾಷೆಯಿಂದ ಬಂದವಳು’ ಎಂಬ ಕಾರಣವಾದರೂ ಕೈಯಲ್ಲಿರುತ್ತದೆ. ಹತ್ತು ವರ್ಷ ಇಂಗ್ಲಿಷ್ ಮೀಡಿಯಂ ಫೀಸು ಕಟ್ಟಿಸಿಕೊಂಡವನಿಗೆ ಅದೂ ಇರುವುದಿಲ್ಲ. ನನ್ನ ಮಟ್ಟಿಗೆ ಈ ಇಡೀ ಕತೆಯಲ್ಲಿ ಯಾರೂ ಮಾತಾಡದ ಮಗು ಇವನು.

ಕನ್ನಡವೇ ಪರಭಾಷೆಯಾದಾಗ

ಕನ್ನಡಿಗರಾದ ನಾವು ನೋಡದೆ ಬಿಡುವ ಇನ್ನೊಂದು ಮಗ್ಗುಲಿದೆ. ತಾಂಡಾದ ಲಂಬಾಣಿ ಮಗುವಿಗೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಗುವಿಗೆ, ಮನೆಯಲ್ಲಿ ಬ್ಯಾರಿಯನ್ನೋ ತುಳುವನ್ನೋ ಉರ್ದುವನ್ನೋ ಆಡುವ ಮಗುವಿಗೆ ಒಂದನೇ ತರಗತಿಯ ಕನ್ನಡ ಎಷ್ಟು ಹತ್ತಿರದ್ದು? ಕೆಲವರಿಗೆ ಓಣಿಯಲ್ಲಿ ಕೇಳಿ ಪರಿಚಯವಿರುತ್ತದೆ, ಕೆಲವರಿಗೆ ಅದೂ ಇಲ್ಲ. ನುನಾವಿಕ್‌ನ ಇಂಗ್ಲಿಷ್ ತರಗತಿಯಲ್ಲಿ ಕೂತ ಮಗುವಿನ ಜಾಗದಲ್ಲಿ ಇವರನ್ನು ಕೂರಿಸಿರುವವರು ನಾವೇ. ಕನ್ನಡದೊಳಗೂ ಇದೇ ಆಟವಿದೆ. ಕಲಬುರಗಿಯ ಮಗು ‘ಹೋಗ್ಲತ್ತೀನ್ರಿ’ ಎಂದರೆ ತಿದ್ದುತ್ತೇವೆ. ಹಾಲನ್ನು ‘ಆಲು’ ಎನ್ನುವ ಮಗುವನ್ನು ನಿಲ್ಲಿಸಿ ಹಕಾರ ಹೇಳಿಸಿ ತರಗತಿಯನ್ನು ನಗಿಸುತ್ತೇವೆ. ಪುಸ್ತಕದ ಕನ್ನಡ ಕಲಿಸುವುದು ಬೇಕಾದದ್ದೇ. ಆದರೆ ಆ ನಗುವಿನಿಂದ ಮಗು ಕಲಿಯುವುದು ಹಕಾರವನ್ನಲ್ಲ, ತನ್ನ ಮನೆಯವರೆಲ್ಲ ತಪ್ಪಾಗಿ ಮಾತಾಡುವವರು ಎಂಬುದನ್ನು.

ಕಾಸರಗೋಡಿನಲ್ಲಿ ಇದೇ ನಾಟಕದ ಪಾತ್ರಗಳು ಅದಲುಬದಲಾಗಿವೆ. 1956ರಲ್ಲಿ ಕೇರಳಕ್ಕೆ ಸೇರಿದ ಅಲ್ಲಿನ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದಾಗಲೆಲ್ಲ ಮಕ್ಕಳು, ಪೋಷಕರು ಗೇಟಿನ ಮುಂದೆ ಕೂರುತ್ತಾರೆ. ಅವರ ನೋವು ನಮಗೆ ಸುಲಭವಾಗಿ ಅರ್ಥವಾಗುತ್ತದೆ. ತಾಂಡಾದ ಮಗುವಿನದು ಅಷ್ಟು ಸುಲಭವಾಗಿ ಅರ್ಥವಾಗುವುದಿಲ್ಲ.

ಏನು ಮಾಡಬಹುದು?

ಮಾಧ್ಯಮದ ಯುದ್ಧ ಬೇಗ ಮುಗಿಯುವಂಥದ್ದಲ್ಲ. ರಾಷ್ಟ್ರೀಯ ಶಿಕ್ಷಣ ನೀತಿ 2020, ಸಾಧ್ಯವಿದ್ದ ಕಡೆ ಐದನೇ ತರಗತಿಯವರೆಗಾದರೂ ಮನೆಮಾತಿನಲ್ಲಿ ಕಲಿಸಬೇಕು ಎನ್ನುತ್ತದೆ. ಜನ ವೋಟು ಹಾಕುತ್ತಿರುವುದು ಹಳದಿ ವ್ಯಾನಿಗೆ. ಆದರೆ ಮೂರನೇ ಬೆಂಚಿನವಳಿಗಾಗಿ ಆ ಯುದ್ಧ ಮುಗಿಯುವವರೆಗೆ ಕಾಯಬೇಕಿಲ್ಲ.

ಕನ್ನಡ ಮಾಧ್ಯಮದ ಒಂಬತ್ತು, ಹತ್ತನೇ ತರಗತಿಗಳಲ್ಲಿ ವಿಜ್ಞಾನವನ್ನು ಕನ್ನಡದಲ್ಲೇ ಕಲಿಸುತ್ತಾ, ವಾರಕ್ಕೊಂದು ಪಿರಿಯಡ್ ಅದೇ ಪಾಠದ ಒಂದು ಪುಟವನ್ನು ಇಂಗ್ಲಿಷಿನಲ್ಲಿ ಓದಿಸಬಹುದು. ಆ ‘ಹೆನ್ಸ್’, ‘ರೆಸ್ಪೆಕ್ಟಿವ್ಲಿ’ಗಳ ಪರಿಚಯ ಆಗಬೇಕಾದದ್ದು ಅಲ್ಲಿ, ತಿಳಿದ ವಿಷಯದ ಬೆನ್ನಿಗೆ. ಇಂಗ್ಲಿಷ್ ಬಲವಾಗಬೇಕಾದರೆ ಅದು ಮಾಧ್ಯಮವಾಗಲೇಬೇಕು ಎಂದಿಲ್ಲ, ಒಂದು ವಿಷಯವಾಗಿ ಚೆನ್ನಾಗಿ ಕಲಿಸಿದರೂ ಬರುತ್ತದೆ. ನಾವು ಮಾಡದೆ ಬಿಟ್ಟಿರುವ ಕೆಲಸ ಅದು.

ಪಿಯು ತರಗತಿಯಲ್ಲಿ ಎಷ್ಟೋ ಲೆಕ್ಚರರುಗಳು ಈಗಾಗಲೇ ದಾರಿ ಕಂಡುಕೊಂಡಿದ್ದಾರೆ: ‘ನೋಡ್ರಪ್ಪಾ, ಈ ಫೋರ್ಸು ಹಿಂಗೆ ಆಕ್ಟ್ ಆದ್ರೆ ಬಾಡಿ ಆ ಕಡೆ ಮೂವ್ ಆಗತ್ತೆ, ಯಾಕೆ?’ ಪ್ರಿನ್ಸಿಪಾಲರು ಕಾರಿಡಾರಿನಲ್ಲಿ ಬಂದರೆ ಪೂರ್ತಿ ಇಂಗ್ಲಿಷಿಗೆ ಜಾರುತ್ತಾರೆ, ಏನೋ ತಪ್ಪು ಮಾಡಿದವರಂತೆ. ತಪ್ಪೇನೂ ಇಲ್ಲ. ಒಂದು ಭಾಷೆಯಲ್ಲಿ ಓದಿ ಇನ್ನೊಂದರಲ್ಲಿ ಚರ್ಚಿಸಿ ಬರೆಯುವ ಈ ಕ್ರಮವನ್ನು ವೇಲ್ಸ್ ದೇಶದ ಶಿಕ್ಷಣತಜ್ಞ ಕೆನ್ ವಿಲಿಯಮ್ಸ್ 1994ರಲ್ಲೇ ಬೋಧನಾ ವಿಧಾನವಾಗಿ ರೂಪಿಸಿದರು. ಅದು ಈಗ ಜಗತ್ತಿನ ಅನೇಕ ಕಡೆ ಚರ್ಚೆಯಲ್ಲಿದೆ. ಕನ್ನಡದಲ್ಲಿ ಕೇಳು, ಉತ್ತರವನ್ನು ಇಬ್ಬರೂ ಸೇರಿ ಇಂಗ್ಲಿಷಿಗೆ ತರೋಣ ಎಂದು ಜೂನ್ ತಿಂಗಳಲ್ಲೇ ಎಲ್ಲರ ಮುಂದೆ ಹೇಳಿಬಿಟ್ಟರೆ, ಪ್ರಶ್ನೆ ಕೇಳುವುದು ನಾಚಿಕೆಯ ಕೆಲಸವಾಗಿ ಉಳಿಯುವುದಿಲ್ಲ.

ಮತ್ತೊಂದು ಕೆಲಸಕ್ಕೆ ಹಣವೂ ಬೇಡ, ಸುತ್ತೋಲೆಯೂ ಬೇಡ. ಅಮೆರಿಕದ ಒಂದು ಪ್ರತಿಷ್ಠಿತ ಕಾಲೇಜಿನಲ್ಲಿ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೊಹೆನ್ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಹಿರಿಯ ವಿದ್ಯಾರ್ಥಿಗಳ ಅನುಭವಗಳನ್ನು ಓದಿಸಿದರು. ಇಲ್ಲಿಗೆ ಬಂದಾಗ ನಾನು ಈ ಜಾಗಕ್ಕೆ ಸೇರಿದವನಲ್ಲ ಎಂದು ಎಲ್ಲರಿಗೂ ಅನ್ನಿಸುತ್ತದೆ, ಕೆಲವು ತಿಂಗಳಲ್ಲಿ ಅದು ಕಳೆಯುತ್ತದೆ ಎಂಬುದು ಆ ಅನುಭವಗಳ ಸಾರ. ಒಂದು ಗಂಟೆಯ ಕೆಲಸ. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅದನ್ನು ಓದಿದ ಕಪ್ಪು ವಿದ್ಯಾರ್ಥಿಗಳ ಅಂಕಗಳು ಮುಂದಿನ ಮೂರು ವರ್ಷ ಏರುತ್ತಾ ಹೋದವು. ಅಲ್ಲಿನ ಜನಾಂಗದ ಪ್ರಶ್ನೆಯೂ ಇಲ್ಲಿನ ಭಾಷೆಯ ಪ್ರಶ್ನೆಯೂ ಒಂದೇ ಅಲ್ಲ. ಆದರೆ ತಪ್ಪು ಲೆಕ್ಕದ ಸ್ವರೂಪ ಒಂದೇ: ಎಲ್ಲರಿಗೂ ಆಗುವ, ಕಾಲ ಕಳೆದಂತೆ ಇಳಿಯುವ ಕಷ್ಟವನ್ನು ತನ್ನೊಬ್ಬನ ಶಾಶ್ವತ ಕೊರತೆ ಎಂದುಕೊಳ್ಳುವುದು.

ದ್ವಿತೀಯ ಪಿಯುಸಿಯಲ್ಲಿ ಕನ್ನಡ ಮೀಡಿಯಂನಿಂದ ಬಂದ ಹುಡುಗ-ಹುಡುಗಿಯರು ಪ್ರತಿ ಕಾಲೇಜಿನಲ್ಲೂ ಇದ್ದಾರೆ. ಮೊದಲ ಟೆಸ್ಟಿನಲ್ಲಿ ನಮಗೆಷ್ಟು ಬಂದಿತ್ತು, ಎಷ್ಟು ತಿಂಗಳಿಗೆ ಪಾಠ ಹಿಡಿತಕ್ಕೆ ಸಿಕ್ಕಿತು, ಯಾವ ಪದಗಳು ಕಾಡಿದವು ಎಂದು ಅವರು ಬಂದು ಮೊದಲ ವರ್ಷದವರಿಗೆ ಹೇಳಬೇಕು. ಮೊದಲ ಟೆಸ್ಟಿಗೆ ಮುಂಚೆ ಹೇಳಬೇಕು, ಆಮೇಲಲ್ಲ. ಆಮೇಲೆ ಹೇಳಿದರೆ ಅಷ್ಟರಲ್ಲಿ ಕೆಲವರು ಸೆಕ್ಷನ್ ಬದಲಿಸಿಕೊಂಡು ಆರ್ಟ್ಸಿಗೆ ಹೋಗಿರುತ್ತಾರೆ.